ಹಾಲು ಸುರಿದ ಮನೆ

ಸೌಟಕ್ಕನ ಮುತ್ತಜ್ಜ ಸೇತುವೆ ಕಟ್ಟುವ ಆಳುಗಳಿಗೆ ಅಡುಗೆ ಮಾಡುತ್ತಿದ್ದ. ಹೊಳೆ ಉಕ್ಕಿ ಬಂದ ದಿನ ಉಳಿದವರೆಲ್ಲ ಗಂಟುಮೂಟೆ ಹೊತ್ತು ಓಡಿದರೆ ಆತ ಬೇಯುತ್ತಿದ್ದ ಹಂಡೆಯನ್ನೇ ಹೊತ್ತು ಓಡಿದ. ದಿಬ್ಬ ಹತ್ತಿ ಅದನ್ನು ಇಳಿಸಿದವನು ಮೊದಲು ಕೇಳಿದ್ದು, "ಉಪ್ಪು ಸರಿ ಇದೆಯಾ ನೋಡ್ರಪ್ಪಾ" ಅಂತ. ಅವನ ಮಗಳು, ಅಂದರೆ ಇವಳ ಅಜ್ಜಿ, ಗಿರಣಿಯ ಬಾಗಿಲಲ್ಲಿ ಗಂಜಿ ಮಾರಿದ ಗಟ್ಟಿಗಿತ್ತಿ. ಗಿರಣಿಯ ಧಣಿಯೇ ಬಟ್ಟಲು ಹಿಡಿದು ನುಗ್ಗಿ ಬಂದಾಗ, "ಸಾಲಿನ ಬಾಲ ಅಲ್ಲಿದೆ" ಎಂದು ಸೌಟಿನಲ್ಲೇ ತೋರಿಸಿದವಳು. ಅಪ್ಪ ಓಡುವ ರೈಲಿನಲ್ಲಿ ಒಂದು ಹನಿ ತುಳುಕಿಸದೆ ಸಾರು ಬಡಿಸುತ್ತಿದ್ದ. ಇಂಥ ಘಟಾನುಘಟಿಗಳ ಮನೆತನಕ್ಕೆ ಅಕ್ಷರವೊಂದು ಮಾತ್ರ ಒಲಿದಿರಲಿಲ್ಲ.

ಅಕ್ಷರವೇನು ಯಾರಪ್ಪನ ಮನೆಯ ಸ್ವತ್ತೂ ಅಲ್ಲವಲ್ಲ. ಸೌಟಕ್ಕ ಅದನ್ನು ಅಡುಗೆಮನೆಯ ಡಬ್ಬಿಗಳಿಂದಲೇ ಸಂಪಾದಿಸಿದಳು. ಮುಚ್ಚಳ ತೆಗೆದು ಚಿಟಿಕೆ ನಾಲಿಗೆಗೆ ಹಚ್ಚಿಕೊಳ್ಳುವುದು, ಆಮೇಲೆ ಮೇಲಿನ ಚೀಟಿ ನೋಡುವುದು. ಉಪ್ಪಿನಿಂದ ಉ ಬಂತು. ಏಲಕ್ಕಿಯಿಂದ ಏ ಬಂತು, ಲ ಬಂತು. ಳ ಮಾತ್ರ ಬರಲಿಲ್ಲ. ಕಣ್ಣಿಗೆ ಕಂಡರೂ ಬಾಯಿಗೆ ಹತ್ತಲಿಲ್ಲ; ಅವರ ಮನೆಯಲ್ಲಿ ಯಾರ ನಾಲಿಗೆಯೂ ಆ ಕಡೆ ಮಡಚುತ್ತಿರಲಿಲ್ಲ. ವಾಚನಾಲಯದ ಕ್ಯಾಂಟೀನಿಗೆ ಸೇರಿದ ಹೊಸದರಲ್ಲಿ, "ಇವತ್ತು ಕಾಲು ಬೇಯ್ಸಿದೀನಿ, ತಿಂತೀರಾ?" ಎಂದಾಗ ಓದುಗರೊಬ್ಬರು ಗಾಬರಿಯಾಗಿ ಬಗ್ಗಿ ಅವಳ ಪಾದ ನೋಡಿದ್ದರು.

ಕಾದಂಬರಿ ಕೈಗೆ ಬಂದರೆ ಮುಗಿಯಿತು, ಅದರೊಳಗಿನವರು ಉಂಡದ್ದನ್ನು ಇವಳೂ ಉಣ್ಣಬೇಕು. ಹಡಗು ಮುಳುಗಿದ ಕಥೆ ಓದಿದ ವಾರ ಮನೆಯಲ್ಲಿ ಸುಟ್ಟ ಮೀನು, ಕಲ್ಲಿನಂಥ ರೊಟ್ಟಿ. ಗಂಡ ದರ್ಜಿ. ಹೊಲಿಗೆ ಯಂತ್ರ ನಿಲ್ಲಿಸದೆಯೇ ಕೇಳುತ್ತಿದ್ದ: "ಈ ಸಲ ಯಾವ ಪುಸ್ತಕಾನೇ? ಕೊಲೆ ಕಥೆ ಆದ್ರೆ ಮೊದ್ಲೇ ಹೇಳು, ಅಕ್ಕನ ಮನೇಲಿ ಉಂಡು ಬರ್ತೀನಿ."

"ನಿಮ್ಮನ್ನ ಮುಗಿಸೋಕೆ ಪುಸ್ತಕ ಯಾಕ್ರೀ, ನನ್ನ ಕೈಗುಣಾನೇ ಸಾಕು."

ಆದರೆ ಕ್ಯಾಂಟೀನಿನಲ್ಲಿ ಚಹಾ, ಬನ್ನು, ಬೇಯಿಸಿದ ಕಾಳು, ಅಷ್ಟೇ ಅವಳ ರಾಜ್ಯ. ತಿಂಗಳಿಗೊಮ್ಮೆ ನಮ್ಮ ಓದುಗರ ಕೂಟ ಸೇರುತ್ತಿತ್ತು. ನಾವು ಯಾವ ಪುಸ್ತಕದ ಮಾತಾಡುತ್ತೇವೋ ಅದರ ಅಡುಗೆಯನ್ನು ತಾನೇ ಬಡಿಸಬೇಕೆಂಬುದು ಅವಳ ಹುಚ್ಚು ಆಸೆ. ಗ್ರಂಥಪಾಲಕಿಯ ಬೆನ್ನು ಬಿಡದೆ ಕಾಡಿದಳು. ಆಕೆ ಕಡೆಗೆ ಸೋತು, "ಒಂದೇ ಸಲ. ಊಟ ಗೆದ್ರೆ ಎಲ್ಲಾ ತಿಂಗಳೂ ನಿಂದೇ. ಸೋತ್ರೆ ಈ ಮಾತು ಮತ್ತೆ ಎತ್ತಬಾರದು" ಎಂದರು.

ಆ ತಿಂಗಳಿನದು ತವರಿಗೆ ಮರಳುವ ಹೆಣ್ಣೊಬ್ಬಳ ಕಥೆ. ಸೌಟಕ್ಕ ಅದನ್ನು ಗಂಡನಿಗೆ ಗಟ್ಟಿಯಾಗಿ ಓದಿ ಹೇಳಿ ಕುಣಿದಾಡಿದಳು. "ನೋಡ್ರೀ, ಅವಲು ಮನೆಗೆ ಬರ್ತಾಲೆ. ಒಲೆ ಮೇಲೆ ಕುಂಬಲಕಾಯಿ, ಮನೆಯೊಲಗೆ ಹಾಲು ಸುರೀತಾ ಇದೆ! ಎಂಥ ತುಂಬಿದ ಮನೆ!"

ಕೂಟದ ದಿನ ಮಧ್ಯಾಹ್ನದಿಂದಲೇ ವಾಚನಾಲಯವೆಲ್ಲ ಘಮಘಮ. ಸಂಜೆ ಕುಂಬಳಕಾಯಿಯನ್ನು ಬೆಣ್ಣೆಯಂತೆ ಅರೆದ ಬಿಸಿಬಿಸಿ ಸಾರು ಬಟ್ಟಲಿಗೆ ಬಂತು. ಹಿಂದೆಯೇ ಸೌಟಕ್ಕ ಹೂಜಿ ಎತ್ತಿ ಹಿಡಿದು ತಲೆಯೆತ್ತರದಿಂದ ಗಟ್ಟಿ ಹಾಲು ಸುರಿದಳು. ಹಳದಿಯ ಮೇಲೆ ಬೆಳ್ಳಗೆ ಸುಳಿ ಬಿತ್ತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

"ನಿಲ್ಸಿ, ನಿಲ್ಸಿ!" ಎದ್ದು ನಿಂತವರು ನಿವೃತ್ತ ಮೇಷ್ಟ್ರು. "ಈ ಹಾಲು ಎಲ್ಲಿಂದ ಬಂತಮ್ಮ?"

"ಪುಸ್ತಕದಿಂದ ಮೇಷ್ಟ್ರೇ."

ಮೇಷ್ಟ್ರು ಪುಟ ಬಿಡಿಸಿ ಬೆರಳಿಟ್ಟರು. "ಹಾಲಲ್ಲ ತಾಯಿ, ಹಾಳು! ಮನೆಯೊಳಗೆ ಹಾಳು ಸುರೀತಿತ್ತು. ಅಂದ್ರೆ ಬಿಕೋ ಅಂತಿತ್ತು. ಅವಳು ಕುಂಬಳಕಾಯಿ ನೀರಲ್ಲಿ ಬೇಯಿಸ್ಕೊಂಡು ಅಳ್ತಾ ಉಣ್ತಾಳೆ."

ಸಭೆ ಘೊಳ್ಳೆಂದಿತು. ಗ್ರಂಥಪಾಲಕಿ ಹಣೆ ಹಿಡಿದುಕೊಂಡರು. ಇಷ್ಟು ದಿನ ಕಾಡಿ ಪಡೆದದ್ದು ಒಂದು ಅಕ್ಷರಕ್ಕೆ ಕೈ ತಪ್ಪುವುದರಲ್ಲಿತ್ತು. ಹೂಜಿ ಹಿಡಿದ ಸೌಟಕ್ಕ ಮಿಸುಕಲಿಲ್ಲ.

"ಒಬ್ಬಲೇ ಉಣ್ತಾಲಾ?"

"ಒಬ್ಬಳೇ."

"ಉಪ್ಪು?"

"ಅದರ ಮಾತೇ ಇಲ್ಲ."

"ಅಯ್ಯೋ ನನ್ನವ್ವಾ! ನಮ್ಮ ಕ್ಯಾಂಟೀನಿಗಾದ್ರೂ ಬರಬಾರದಿತ್ತಾ?" ಎಂದವಳು ಮೇಷ್ಟ್ರ ಬಟ್ಟಲಿನ ಮೇಲೆ ಹೂಜಿ ಬಗ್ಗಿಸಿದಳು. "ನಿಮಗೆ ಯಾವುದು? ಪುಸ್ತಕದ್ದಾ, ನನ್ನದಾ? ಬರೀ ನೀರು ಬೇಕಂದ್ರೂ ಒಲೆ ಮೇಲೆ ಕುದೀತಾ ಇದೆ."

ಮೇಷ್ಟ್ರು ಪಕ್ಕದವರ ಬಟ್ಟಲು ನೋಡಿದರು. ಮೆಣಸಿನ ಘಾಟು ಮೂಗಿಗೆ ಬಡಿಯಿತು. ಎಂಜಲು ನುಂಗಿ ಕೂತರು. "ಹಾಲೇ ಸುರಿಯಮ್ಮ."

ಆಮೇಲೆ ಕೇಳಬೇಕೆ! ನಾನು ಮೂರನೆಯ ಸಲ ಹೋಗುವ ಹೊತ್ತಿಗೆ ಹಂಡೆ ಕೆರೆಯುವ ಸದ್ದು. ಮೇಷ್ಟ್ರು ಬನ್ನಿನಲ್ಲಿ ಬಟ್ಟಲು ಒರೆಸಿ ಹೊಳೆಯಿಸಿದ್ದರು. ಗ್ರಂಥಪಾಲಕಿ ಮುಂದಿನ ತಿಂಗಳ ಪುಸ್ತಕವನ್ನು ಸೌಟಕ್ಕನ ಕೈಗಿಟ್ಟರು. ಅವಳು ಅದನ್ನು ಎದೆಗವುಚಿಕೊಂಡು ಒಂದು ಸುತ್ತು ತಿರುಗಿದಳು. "ಅದ್ರಲ್ಲಿ ಕೊಲೆ ಇದೆಯಾ ನೋಡೇ" ಎಂದು, ಊಟಕ್ಕೆ ಬಂದು ಮೂಲೆ ಹಿಡಿದಿದ್ದ ಗಂಡ ಕೂಗಿದ.

ಮೇಷ್ಟ್ರು ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದರು. "ಸೌಟಕ್ಕಾ, ಪುಸ್ತಕ ಮೊದಲು ನನಗೆ ಕೊಡು. ಳ ಇರೋ ಕಡೆಯೆಲ್ಲ ಗೆರೆ ಎಳೆದು ಕೊಡ್ತೀನಿ. ಮತ್ತೆ ಎಡವೋದು ಬೇಡ."

"ಬೇಡ ಮೇಷ್ಟ್ರೇ. ಪೆನ್ಸಿಲ್ ಕಿವಿಗೇ ಸಿಗಿಸ್ಕೊಲ್ಲಿ. ನೀವು ಮೊದ್ಲೇ ಗೆರೆ ಎಲೆದು ಕೊಟ್ಟಿದ್ರೆ ಇವತ್ತು ಎಲ್ರಿಗೂ ಕುಂಬಲಕಾಯಿ ನೀರೇ ಗತಿಯಾಗ್ತಿತ್ತು. ನಾನು ನನ್ನ ಬಾಯಲ್ಲೇ ಓದ್ಕೋತೀನಿ. ನೀವು ಬಟ್ಟಲು ಹಿಡ್ಕೊಂಡು ಬನ್ನಿ, ಅಷ್ಟು ಸಾಕು."