ಕಡ ಕೊಟ್ಟ ಸೀಸೆ

ಮೊನ್ನೆ ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯ ಹತ್ತಿರದ ಲ್ಯಾಬಿಗೆ ಹೋಗಿದ್ದಾಗ ಅಲ್ಲಿನ ಹುಡುಗಿ ನನ್ನ ಕೈಗೆ ಎರಡು ಬಿಳಿ ಪ್ಲಾಸ್ಟಿಕ್ ಕ್ಯಾನು ಕೊಟ್ಟಳು. ಒಂದರ ಮೇಲೆ ನನ್ನ ಹೆಸರಿನ ಚೀಟಿ, ಇನ್ನೊಂದರ ಮೇಲೆ ನಮ್ಮ ಮನೆಯವರ ಹೆಸರಿನ ಚೀಟಿ. ಬೆಳಿಗ್ಗೆ ಎದ್ದು ಮೊದಲ ಸಲದ ಮೂತ್ರವನ್ನು ಬಿಟ್ಟು, ಮಾರನೆಯ ಬೆಳಿಗ್ಗೆಯ ತನಕ ಹೋದದ್ದನ್ನೆಲ್ಲ ಒಂದು ತೊಟ್ಟೂ ಚೆಲ್ಲದಂತೆ ಅದರೊಳಗೆ ಹಿಡಿಯಬೇಕು. ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುವ ಕ್ರಮ ಅದು. ವರ್ಷಕ್ಕೊಮ್ಮೆ ನಮ್ಮಿಬ್ಬರಿಗೂ ಈ ಸೇವೆ ಇದೆ, ಯಾಕೆಂದು ಆಮೇಲೆ ಹೇಳುತ್ತೇನೆ. "ಆಂಟಿ, ಎರಡೂ ಅದಲು ಬದಲು ಆಗ್ದಂಗೆ ನೋಡ್ಕೊಳ್ಳಿ," ಎಂದಳು ಹುಡುಗಿ. ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಹೊಡೆಯಿತು, ಜೊತೆಗೆ ನಗುವೂ ಬಂತು. ಅದಲು ಬದಲಿನಲ್ಲಿ ನಮ್ಮ ಮನೆಯವರು ಎಂಥ ಪಳಗಿದ ಕೈ ಎಂಬುದು ಆ ಮಗುವಿಗೇನು ಗೊತ್ತು.

ನಾವು ತೊಂಬತ್ತರ ದಶಕದಲ್ಲಿ ಭದ್ರಾವತಿಯಲ್ಲಿದ್ದೆವು. ಭದ್ರಾವತಿ ಎಂದ ಕೂಡಲೇ ನಿಮಗೆ ಹೊಳೆಯುವ ದೊಡ್ಡ ಕಾರ್ಖಾನೆಗಳ ಮಾತಲ್ಲ ಇದು. ಈಗ ಕಾಂಪೌಂಡಿನ ಗೋಡೆಯೂ ಉಳಿದಿರದ ಒಂದು ಸಣ್ಣ ಫೌಂಡ್ರಿ, ಕಬ್ಬಿಣ ಕರಗಿಸಿ ಅಚ್ಚಿಗೆ ಹುಯ್ಯುವ ಜಾಗ. ಅದರ ಹಿಂದೆಯೇ ಕೆಲಸಗಾರರ ಮನೆಗಳ ಸಾಲು. ಕನ್ನಡದವರು, ತಮಿಳರು, ತೆಲುಗರು, ಎಲ್ಲರ ಮನೆಯ ಒಗ್ಗರಣೆಯೂ ಎಲ್ಲರ ಮೂಗಿಗೂ ಬರುತ್ತಿತ್ತು. ವರ್ಷಕ್ಕೊಂದು ಸಲ ಶಿವಮೊಗ್ಗದಿಂದ ಡಾಕ್ಟರು ಬಂದು ಕ್ಯಾಂಟೀನಿನ ಮೂಲೆಯಲ್ಲಿ ಪರದೆ ಕಟ್ಟಿ ಎಲ್ಲರನ್ನೂ ಪರೀಕ್ಷೆ ಮಾಡುತ್ತಿದ್ದರು. ಗೋಡೆಯ ಮೇಲೆ ಅಕ್ಷರಗಳ ಬೋರ್ಡು, ಮೇಜಿನ ಮೇಲೆ ಸೀಸೆಗಳ ಸಾಲು. ಸಕ್ಕರೆ ಕಾಯಿಲೆ ಅಂತಲೋ ಕಣ್ಣು ಮಂಜು ಅಂತಲೋ ಬರೆದುಬಿಟ್ಟರೆ ಕುಲುಮೆಯ ಹತ್ತಿರದ, ಕ್ರೇನಿನ ಮೇಲಿನ ಕೆಲಸ ಹೋಯಿತು. ಗುಡಿಸುವ ಕಡೆ, ತೂಗುವ ಕಡೆ ಹಾಕುತ್ತಿದ್ದರು. ಓವರ್‌ಟೈಮಿನ ಆಸೆ ಒಂದು ಕಡೆ, ಮರ್ಯಾದೆ ಇನ್ನೊಂದು ಕಡೆ. ಅದಕ್ಕಿಂತ ಸಾಯುವುದೇ ವಾಸಿ ಎಂದು ನಮ್ಮ ಸಾಲಿನ ಗಂಡಸರ ನಂಬಿಕೆ. ಸಾಯುವುದಕ್ಕೆ ತಯಾರಿ ಕೂಡ ಚೆನ್ನಾಗಿಯೇ ನಡೆಸಿದ್ದರು.

ಕಣ್ಣಿನ ಪರೀಕ್ಷೆಯ ಉಪಾಯ ಸುಲಭವಾಗಿತ್ತು. ಡಾಕ್ಟರು ಬದಲಾದರೂ ಬೋರ್ಡು ಬದಲಾಗುತ್ತಿರಲಿಲ್ಲ. ಅದರ ಅಕ್ಷರಗಳನ್ನು ಇಡೀ ಸಾಲು ಬಾಯಿಪಾಠ ಮಾಡಿತ್ತು. ನನ್ನ ಮಗಳು ಎ ಬಿ ಸಿ ಡಿ ಕಲಿಯುವ ಮೊದಲೇ ಆ ಬೋರ್ಡಿನ ಕೊನೆಯ ಸಾಲನ್ನು ಮಗ್ಗಿಯ ರಾಗದಲ್ಲಿ ಹೇಳುತ್ತಿದ್ದಳು. ಇದರಲ್ಲಿ ಎಲ್ಲರಿಗಿಂತ ಮುಂದೆ ಇದ್ದವನು ಕ್ರೇನು ನಡೆಸುವ ಸೆಲ್ವರಾಜ. ಎದುರು ಮನೆಯವನು, ನನ್ನನ್ನು ಅಕ್ಕಾ ಎಂದು ಕರೆಯುತ್ತಿದ್ದ. ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿದಿತ್ತು. ನಮ್ಮ ಮನೆಗೆ ಬಂದರೆ ಹೊಸಿಲು ಎಡವುತ್ತಿದ್ದ, ಬೋರ್ಡನ್ನು ಮಾತ್ರ ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಒಪ್ಪಿಸುತ್ತಿದ್ದ. ಕರಗಿದ ಕಬ್ಬಿಣದ ತೊಟ್ಟಿಯನ್ನು ನಮ್ಮ ಮನೆಯವರ ತಲೆಯ ಮೇಲೆ ತೂಗಾಡಿಸುವವನು ಈ ಮಹಾನುಭಾವನೇ ಎಂದು ನೆನೆದಾಗೆಲ್ಲ ಅವನನ್ನು ಮನಸಾರೆ ಬೈಯುತ್ತಿದ್ದೆ.

ಮೂತ್ರದ ಪರೀಕ್ಷೆಗೆ ಬಾಯಿಪಾಠ ನಡೆಯುವುದಿಲ್ಲವಲ್ಲ. ಕಾಂಪೌಂಡರು ಅದಕ್ಕೆ ನೀಲಿ ಔಷಧಿ ಸೇರಿಸಿ ಕಾಯಿಸುತ್ತಿದ್ದ. ನೀಲಿ ನೀಲಿಯಾಗಿಯೇ ಉಳಿದರೆ ಸರಿ, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಸಕ್ಕರೆ. ಇನ್ನೊಂದು ನಳಿಗೆಯಲ್ಲಿ ಬರೀ ಕಾಯಿಸಿ ನೋಡುವುದು. ತಿಳಿಯಾಗಿದ್ದರೆ ಮೂತ್ರಪಿಂಡ ಗಟ್ಟಿ, ಬೆಳ್ಳಗೆ ಒಡೆದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ. ಇದಕ್ಕೂ ಉಪಾಯ ಇತ್ತು. ಆ ಉಪಾಯವೇ ನನ್ನ ಗಂಡ.

ನಮ್ಮ ಮನೆಯವರು ಬೀಡಿ ಮುಟ್ಟಿದವರಲ್ಲ, ಕಾಫಿ ಕುಡಿದವರಲ್ಲ. ಬೆಳಿಗ್ಗೆ ಎದ್ದು ಬಸ್ಕಿ ಹೊಡೆದು ಮೊಳಕೆ ಕಾಳು ತಿನ್ನುವ ಆಸಾಮಿ. ಅವರದು ಯಾವ ವರ್ಷವೂ ನೀಲಿಯಾಗಿಯೇ ಉಳಿದಿತ್ತು, ತಿಳಿಯಾಗಿಯೇ ಇತ್ತು. ಯಾರೋ ಒಬ್ಬ ಸಕ್ಕರೆಯವನು ಬಂದು ಕಿವಿಯಲ್ಲಿ ಪಿಸುಗುಟ್ಟಿದ್ದೇ ತಡ, ಇವರು ಧಾರಾಳವಾಗಿ ಒಂದು ಸೀಸೆ ತುಂಬಿಕೊಟ್ಟರು. ಅಲ್ಲಿಂದ ಶುರುವಾಯಿತು. ಪರೀಕ್ಷೆಯ ಬೆಳಿಗ್ಗೆ ನಮ್ಮ ಹಿತ್ತಲ ಬಾಗಿಲಲ್ಲಿ ಸೀಸೆ ಹಿಡಿದವರ ಕ್ಯೂ. ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ ಎನ್ನುವ ಹಾಗೆ ಬಂದವರಿಗೆಲ್ಲ ಹಂಚುತ್ತಿದ್ದರು. ಸಾಲದಾದೀತೆಂದು ಹಿಂದಿನ ಸಂಜೆಯಿಂದಲೇ ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿದ್ದರು. ಇದಕ್ಕೆ ಪ್ರತಿಯಾಗಿ ಕ್ಯಾಂಟೀನಿನಲ್ಲಿ ಅವರಿಗೆ ಕಿಟಕಿಯ ಪಕ್ಕದ ಜಾಗ. ಹಬ್ಬಕ್ಕೆ ಸೆಲ್ವರಾಜನ ಮನೆಯಿಂದ ಡಬ್ಬಿ ತುಂಬ ಮುರುಕು. ಒಂದು ದಿನ ನಾನು, ಮಾಡುವುದಕ್ಕೆ ಬೇರೆ ದಾನ ಸಿಗಲಿಲ್ಲವೇ ಎಂದು ಕೇಳಿದ್ದಕ್ಕೆ, "ಮಾರಾಯ್ತಿ, ಕೆಲವರು ರಕ್ತ ಕೊಡ್ತಾರೆ. ಇದೂ ಹಂಗೇ," ಎಂದರು. ಮುಖದಲ್ಲಿ ಕರ್ಣನ ಕಳೆ. ನಾನೇನು ಕಡಿಮೆಯೇ, ಮೂಗು ಮುರಿಯುತ್ತಲೇ ಆ ಮುರುಕುಗಳನ್ನೆಲ್ಲ ತಿಂದವಳು ನಾನೇ.

ಹೀಗೇ ನಡೆಯುತ್ತಿರಲು ಒಂದು ವರ್ಷ ಹೊಸ ಡಾಕ್ಟರು ಬಂದರು. ಚಿಕ್ಕ ವಯಸ್ಸು, ಕಡಿಮೆ ಮಾತು. ಅವತ್ತು ಕಾಂಪೌಂಡರು ಒಂದು ನಳಿಗೆ ಕಾಯಿಸಿದ, ಹಾಲು ಒಡೆದ ಹಾಗೆ ಆಯಿತು. ಇನ್ನೊಂದು ಕಾಯಿಸಿದ, ಅದೂ ಒಡೆಯಿತು. ನಮ್ಮ ಮನೆಯವರದೂ ಸೇರಿ ಅವರು ತುಂಬಿಕೊಟ್ಟ ಸೀಸೆಗಳೆಲ್ಲ ಒಂದೇ ಸಮನೆ ಬೆಳ್ಳಗಾದವು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಡಾಕ್ಟರು ಬೈಯಲಿಲ್ಲವಂತೆ. ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ, "ಇದೆಲ್ಲಾ ಒಂದೇ ಬಾವಿಯಿಂದ ಸೇದಿದ ನೀರು. ಯಾರ್ಯಾರು ಸೇದಿದ್ರಿ ಅಂತ ನಾನು ಕೇಳಲ್ಲ. ಆದ್ರೆ ಬಾವಿ ಯಾರದ್ದೋ ಅವರ ಕಿಡ್ನಿ ಹೋಗ್ತಾ ಇದೆ. ಅವರೊಬ್ಬರು ನನ್ನ ಹತ್ರ ಬರ್ಲಿ," ಎಂದರಂತೆ.

ಯಾರೂ ಹೋಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಇವರಿಗೆ ಅಷ್ಟೂ ನಾಚಿಕೆ ಇರಲಿಲ್ಲ. ಹಾಗಾದರೆ ಎದುರಿಗೇ ನಿಲ್ಲಿಸಿ ಇನ್ನೊಂದು ಸಲ ಪರೀಕ್ಷೆ ಮಾಡುತ್ತೇನೆ ಎಂದು ಡಾಕ್ಟರು ಹೇಳಿದ್ದೇ ತಡ, ಎಲ್ಲರೂ ಸೇರಿ ಗೇಟಿನ ಮುಂದೆ ಸಭೆ ಮಾಡಿದರು. ಕಾರ್ಮಿಕರನ್ನು ಎದುರಿಗೆ ನಿಲ್ಲಿಸಿಕೊಂಡು ಇನ್ನೊಂದು ಸಲ ಪರೀಕ್ಷೆ ಮಾಡುವುದು ದುಡಿಯುವ ವರ್ಗಕ್ಕೆ ಅವಮಾನ ಎಂದು ಭಾಷಣವಾಯಿತು. ಎಲ್ಲರಿಗಿಂತ ಜೋರಾಗಿ ಕೂಗಿದವರು ಯಾರು ಅಂದುಕೊಂಡಿರಿ? ನಮ್ಮ ಮನೆಯ ಕರ್ಣನೇ. ಸೀಸೆ ತೊಳೆಯದೆ ತಂದು ನನ್ನ ಹೆಸರು ಕೆಡಿಸಿದರು ಎಂದು ಗೆಳೆಯರ ಮೇಲೆ ಹರಿಹಾಯ್ದರಂತೆ. ತಾವೇ ತೊಳೆದು ತುಂಬಿದ ಸ್ವಂತ ಸೀಸೆಯೂ ಯಾಕೆ ಒಡೆಯಿತು ಎಂದು ಆ ತಲೆಗೆ ಹೊಳೆಯಲಿಲ್ಲ. ಆಡಳಿತದವರಿಗೂ ಗಲಾಟೆ ಬೇಡವಾಗಿತ್ತು, ಪರೀಕ್ಷೆ ನಿಂತುಹೋಯಿತು. ಇವರು ಗೆದ್ದು ಮನೆಗೆ ಬಂದು ಮೊಳಕೆ ಕಾಳು ತಿಂದರು. ನನಗೆ ಒಂದು ಮಾತೂ ಹೇಳಲಿಲ್ಲ.

ಇವರ ಕಾಲು ಸಂಜೆಯ ಹೊತ್ತಿಗೆ ಊದುತ್ತಿದ್ದುದನ್ನು ನಾನು ನೋಡಿದ್ದೆ. ನಿಂತು ಮಾಡುವ ಕೆಲಸ ಎಂದುಕೊಂಡಿದ್ದೆ. ಸಭೆಯಾದ ಕೆಲವು ದಿನಕ್ಕೆ, ಇವರು ಶಿಫ್ಟಿನಲ್ಲಿದ್ದಾಗ ಸೆಲ್ವರಾಜ ಬಂದ. ಹೊಸಿಲು ಎಡವಿಯೇ ಒಳಗೆ ಬಂದ. ನಡೆದದ್ದನ್ನೆಲ್ಲ ಹೇಳಿದ. ನಮ್ಮ ಸಾಲಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದು, ನನ್ನೊಬ್ಬಳಿಗೆ ಗೊತ್ತಿರಲಿಲ್ಲ.

"ನಾನು ಡಾಕ್ಟರ ಹತ್ರ ಹೋಗಿ ನಿಮ್ಮ ಯಜಮಾನ್ರ ಹೆಸರು ಹೇಳ್ಬಿಟ್ಟೆ ಅಕ್ಕಾ," ಎಂದ. "ಅವರದು ಹೇಳಿದ ಮೇಲೆ ನಂದೂ ಹೇಳ್ಬೇಕಾಯ್ತು."

ನಿನ್ನ ಕ್ರೇನು ಏನಾಗುತ್ತದೆ ಎಂದು ಕೇಳಿದೆ.

"ಯಾರೋ ಕಣ್ಣಿರೋನು ನಡಿಸ್ತಾನೆ. ಈ ವರ್ಷ ನಾನು ನೋಡಿ ಇಳಿಸ್ತಿರಲಿಲ್ಲ ಅಕ್ಕಾ, ಕೆಳಗಿರೋರ ಕೂಗು ಕೇಳಿ ಇಳಿಸ್ತಿದ್ದೆ. ದಿನಾ ಕೂಗ್ತಿದ್ದೋರು ನಿಮ್ಮ ಯಜಮಾನ್ರೇ."

ಈ ಮನುಷ್ಯನನ್ನು ನಾನು ಎಷ್ಟು ಹೀಗಳೆದಿದ್ದೆ. ಅವನು ಮಾಡಿದ್ದು ಸಣ್ಣ ತಪ್ಪಲ್ಲ. ಆದರೆ ಆ ಭಾಷಣಕಾರರ ಗುಂಪಿನಲ್ಲಿ ಕಾಲೆಳೆದುಕೊಂಡು ನನ್ನ ಮನೆಯ ತನಕ ಬಂದವನು ಅವನೊಬ್ಬನೇ. ಅವತ್ತು ಅವನಿಗೆ ಕಾಫಿಯನ್ನು ಸಕ್ಕರೆ ಹಾಕದೆ ಕೊಟ್ಟೆ. ಅಷ್ಟು ಬುದ್ಧಿ ನನಗೆ ಅವತ್ತು ಬಂತು.

ಆಮೇಲೆ ಡಾಕ್ಟರು ಇವರನ್ನು ಕರೆಸಿ ಇಡೀ ದಿನದ್ದನ್ನು ಹಿಡಿಯುವ ಇಂಥದೇ ದೊಡ್ಡ ಕ್ಯಾನು ಕೊಟ್ಟು ಕಳಿಸಿದರು. ಊರಿಗೆಲ್ಲ ಹಂಚಿದವರು ಈಗ ಒಂದು ತೊಟ್ಟೂ ಬಿಡದೆ ತಮಗೇ ಕೂಡಿಡಬೇಕು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಾನು ಹಂಗಿಸಿದೆ. ಇವರು ಕ್ಯಾನನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಹೊರಗೆ ಹೋದರು. ಎಲ್ಲಿಗೆ ಎಂದು ತಿಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಡ ಕೇಳುವುದಕ್ಕೆ ಹೋಗಿದ್ದರು. ತಾವು ಕೊಟ್ಟವರ ಮನೆಮನೆಗೂ ಹೋಗಿ ಚೀಲ ಬಿಚ್ಚಿದರಂತೆ. ಕೊಡುವವರು ಯಾರು? ಸ್ವಂತದ್ದು ಸರಿಯಾಗಿದ್ದಿದ್ದರೆ ಇವರ ಹತ್ತಿರ ಯಾಕೆ ಬರುತ್ತಿದ್ದರು? ಇವರು ಖಾಲಿ ಕ್ಯಾನು ಹಿಡಿದುಕೊಂಡು ಹಿಂದೆ ಬಂದು, ಅಡಿಗೆಮನೆಯ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ, "ನಿಂದು ಕೊಡೇ," ಎಂದರು.

ಮದುವೆಯಾದ ಮೇಲೆ ಆ ಮನುಷ್ಯ ನನ್ನ ಹತ್ತಿರ ಬಾಯಿಬಿಟ್ಟು ಏನನ್ನೂ ಬೇಡಿದವರಲ್ಲ. ಮೊದಲ ಸಲ ಬೇಡಿದ್ದು ಇದನ್ನು.

"ಕೊಡಲ್ಲ," ಎಂದೆ. "ನಂದು ಕೊಟ್ರೆ ರಿಪೋರ್ಟಲ್ಲಿ ನೀವು ಗಟ್ಟಿಯಾಗಿರ್ತೀರಿ, ಮನೇಲಿ ಸಾಯ್ತೀರಿ. ನನಗೆ ರಿಪೋರ್ಟಲ್ಲಿ ಬದುಕಿರೋ ಗಂಡ ಬೇಡ."

ಅವರು ಕ್ಯಾನನ್ನು ನೆಲದ ಮೇಲಿಟ್ಟರು. ಭಯವಾಗುತ್ತದೆ ಎಂದು ಅವತ್ತು ಮೊದಲ ಸಲ ಹೇಳಿದರು. ಅಷ್ಟು ಹೊತ್ತು ಕಾಯುತ್ತಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ, ನಾನೂ ಅತ್ತೆ. ಮಾರನೆಯ ದಿನ ರಜೆ ಹಾಕಿಸಿ ಮನೆಯಲ್ಲೇ ಕೂರಿಸಿಕೊಂಡೆ, ಬಚ್ಚಲ ಬಾಗಿಲಲ್ಲಿ ಕಾವಲು ನಿಂತು ಅವರದನ್ನೇ ತುಂಬಿಸಿದೆ.

ಆ ಕ್ಯಾನು ಹಿಡಿದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆವು, ಸೆಲ್ವರಾಜನೂ ಜೊತೆಗೆ ಬಂದ. ಬೋರ್ಡನ್ನು ಬಾಯಿಪಾಠ ಮಾಡಿದವನ ಮಾತನ್ನು ಇನ್ನು ನಂಬುವುದು ಹೇಗೆ ಎಂದು ಅವನಿಗೆ ಬೇರೆಯೇ ಪರೀಕ್ಷೆ ಬರೆದಿದ್ದರು. ಪರದೆಯ ಮೇಲೆ ಚದುರಂಗದ ಮಣೆಯಂಥ ಕಪ್ಪು ಬಿಳಿ ಚೌಕಗಳು, ಕಪ್ಪು ಇದ್ದಲ್ಲಿ ಬಿಳಿ, ಬಿಳಿ ಇದ್ದಲ್ಲಿ ಕಪ್ಪು ಆಗುತ್ತಲೇ ಇರುತ್ತವೆ. ತಲೆಯ ಹಿಂದೆ ತಂತಿ ಅಂಟಿಸಿ, ಕಣ್ಣು ಕಂಡದ್ದು ಮಿದುಳಿಗೆ ಎಷ್ಟು ಮುಟ್ಟಿತು ಎಂದು ಯಂತ್ರವೇ ಗೆರೆ ಎಳೆಯುತ್ತದೆ. ರೋಗಿ ಏನೂ ಹೇಳಬೇಕಾಗಿಲ್ಲ. ವಾಪಸು ಬರುವಾಗ ಸೆಲ್ವರಾಜ, "ಬೋರ್ಡಿನ ಅಕ್ಷರ ಹೇಳ್ಲಾ ಅಂತ ನಾನಾಗೇ ಕೇಳ್ದೆ ಅಕ್ಕಾ, ಬಾಯಿ ಮುಚ್ಕೊಂಡು ಕೂರು ಅಂದ್ರು," ಎಂದ. ನಮ್ಮ ಸಾಲಿನ ಗಂಡಸರಿಗೆಲ್ಲ ಬೇಕಾಗಿದ್ದ ಮದ್ದು ಅದೊಂದೇ ಎಂದು ನನಗನ್ನಿಸಿತು.

ಸೆಲ್ವರಾಜ ಕ್ರೇನಿನಿಂದ ಇಳಿದು ಸ್ಟೋರಿನಲ್ಲಿ ಕೂತ. ಮದ್ದಿನಿಂದ ಉಳಿದಷ್ಟು ಕಣ್ಣು ಉಳಿಯಿತು. ನಮ್ಮ ಮನೆಯವರದು ಅಷ್ಟು ಸುಲಭವಾಗಲಿಲ್ಲ. ಮಾತ್ರೆ, ಉಪ್ಪಿಲ್ಲದ ಊಟ, ಏನು ಮಾಡಿದರೂ ಮೂತ್ರಪಿಂಡದ ಶಕ್ತಿ ಇಳಿಯುತ್ತಲೇ ಹೋಯಿತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಯಂತ್ರಕ್ಕೆ ಹಾಕಿ ರಕ್ತ ತೊಳೆಯುವ ಹಂತಕ್ಕೆ ಬಂತು. ಹಳೆಯ ಸೀಸೆ ಗೆಳೆಯರು ನೋಡಲು ಬಂದರು. ಬರುವಾಗ ಗೊನೆಗಟ್ಟಲೆ ಎಳನೀರು ತಂದರು. ಇವರಿಗೆ ಡಾಕ್ಟರು ಮೊದಲು ಬೇಡ ಎಂದದ್ದೇ ಎಳನೀರನ್ನು. ಮೂತ್ರಪಿಂಡ ಕೊಡುವವರು ಯಾರಾದರೂ ಬೇಕು ಎಂದಾಗ ಇವರ ಸೋದರರು ದೂರದಿಂದಲೇ ದೇವರಿಗೆ ಕೈಮುಗಿದರು. ಒಬ್ಬನಿಗೆ ಬೆನ್ನುನೋವು ಶುರುವಾಯಿತು, ಇನ್ನೊಬ್ಬನಿಗೆ ಹೆಂಡತಿ ಬಿಡುವುದಿಲ್ಲ. ಎಳನೀರನ್ನೆಲ್ಲ ನಾನೂ ನನ್ನ ಮಗಳೂ ಕುಡಿದು ಮುಗಿಸಿದೆವು. ಆಮೇಲೆ ನಾನು ಘಟ್ಟದ ಕೆಳಗಿನ ಒಂದು ದೊಡ್ಡ ಆಸ್ಪತ್ರೆಗೆ ಹೋಗಿ ನನ್ನ ರಕ್ತ ಪರೀಕ್ಷೆ ಮಾಡಿಸಿಕೊಂಡೆ. ಹೊಂದಿತು. ನನ್ನ ಎರಡು ಮೂತ್ರಪಿಂಡಗಳಲ್ಲಿ ಒಂದನ್ನು ತೆಗೆದು ಅವರಿಗೆ ಹಾಕಿದರು. ಹೀಗಾಗಿ ನಮ್ಮಿಬ್ಬರಿಗೂ ವರ್ಷಕ್ಕೊಂದು ಕ್ಯಾನು.

ನಿನ್ನೆಯಿಡೀ ಅದನ್ನು ತುಂಬಿಸಿದ್ದಾಯಿತು. ಇವತ್ತು ಬೆಳಿಗ್ಗೆ ಇವರು ತಮ್ಮ ಕ್ಯಾನನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡುತ್ತಿದ್ದರು. ಮುಖದಲ್ಲಿ ಅದೇ ಹಳೆಯ ಕಳೆ, ಜಂಬದ ಕೋಳಿ ಇನ್ನೂ ಸತ್ತಿಲ್ಲ. "ಅವತ್ತು ಕೇಳಿದಾಗ್ಲೇ ಕೊಟ್ಟಿದ್ರೆ ಒಂದು ಕ್ಯಾನಲ್ಲೇ ಮುಗೀತಿತ್ತು ಮಾರಾಯ್ತಿ," ಎಂದರು. ನಾನು ಕ್ಯಾನು ಕಿತ್ತುಕೊಂಡು ಮುಚ್ಚಳ ಬಿಗಿ ಮಾಡಿದೆ.

ಲ್ಯಾಬಿಗೆ ಹೋಗುವಾಗ ಆಟೋದಲ್ಲಿ ಕುಲುಕಿ ಎರಡರ ಚೀಟಿಗಳೂ ಕಿತ್ತುಬಂದಿದ್ದವು. ಹುಡುಗಿ ಗಾಬರಿಯಾಗಿ ಒಂದನ್ನು ಎತ್ತಿ ಹಿಡಿದು, ಇದು ಯಾರದು ಆಂಟಿ ಎಂದು ಕೇಳಿದಳು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಮ್ಮ ಮನೆಯವರ ಕಡೆ ನೋಡಿದೆ. ಇಡೀ ಜೀವಮಾನ ಕೊಟ್ಟವನೇ ತಾನು ಎಂದು ಮೆರೆದ ಮನುಷ್ಯ. ಕೋಲು ಊರಿಕೊಂಡು ಮೆಲ್ಲಗೆ ಎದ್ದು ಬಂದರು.

"ಅದ್ರ ಮೇಲೆ ನನ್ನ ಹೆಸರು ಬರ್ಕೊಳಮ್ಮ," ಎಂದರು. "ಆದ್ರೆ ಅದು ಅವಳದ್ದೇ."