ದೊಡ್ಡಪ್ಪ ಬರೆದುಕೊಟ್ಟ ಪತ್ರ

ಜ್ಯೋತಿಲಕ್ಷ್ಮಿ ಗಂಗಾನಗರದ ನಮ್ಮ ಕಚೇರಿಗೆ ಮೊದಲು ಬಂದದ್ದು ಜೂನ್ ಹತ್ತರಂದು, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ. ಕೆಳತುಟಿಯಲ್ಲಿ ಮೂರು ಹೊಲಿಗೆಗಳಿದ್ದವು. ಸೊಂಟದ ಮೇಲೆ ಎರಡೂವರೆ ವರ್ಷದ ಮಗಳು ಮೋನಿಷಾ. ಮಗುವಿನ ಬಲಗೈಗೆ ಮೊಣಕೈಯವರೆಗೆ ಬ್ಯಾಂಡೇಜು ಸುತ್ತಿತ್ತು. ದುಡಿಯುವ ತಂದೆತಾಯಿಯರ ಮಕ್ಕಳಿಗಾಗಿ ಶಿಶುಪಾಲನಾ ಕೇಂದ್ರದ ಶುಲ್ಕದಲ್ಲಿ ಮುಕ್ಕಾಲು ಭಾಗವನ್ನು ಭರಿಸುವ ಸಣ್ಣ ದತ್ತಿ ಸಂಸ್ಥೆ ನಮ್ಮದು. ಅರ್ಜಿಗಳನ್ನು ಪರಿಶೀಲಿಸುವವನು ನಾನು.

ಆಕೆಗೆ ಇಪ್ಪತ್ತಾರು ವರ್ಷ. ಚಿಕ್ಕಜಾಲದ ಬಳಿ ಒಂದು ಲಾಂಡ್ರಿ ಇದೆ. ವಿಮಾನ ನಿಲ್ದಾಣದ ಸುತ್ತಲಿನ ಹೋಟೆಲುಗಳ ಹಾಸು ಹೊದಿಕೆಗಳೆಲ್ಲ ಅಲ್ಲಿಗೆ ಬರುತ್ತವೆ. ಅಲ್ಲಿ ಏಳೂವರೆಯಿಂದ ನಾಲ್ಕರವರೆಗೆ ಉಗಿ ಇಸ್ತ್ರಿಯ ಮುಂದೆ ನಿಲ್ಲುವುದು ಆಕೆಯ ಕೆಲಸ. ಅಷ್ಟು ಹೊತ್ತು ಮಗು ಅತ್ತೆ ಮುನಿಗಂಗಮ್ಮನ ಬಳಿ ಇರುತ್ತಿತ್ತು. ಅತ್ತೆಗೆ ಎರಡು ಹಸು, ಆರು ಬಾಡಿಗೆ ಮನೆಗಳ ಉಸಾಬರಿ. ಹೊರಗೆ ಹೋಗಬೇಕಾದಾಗ ಹಳೆಯ ಸೀರೆಯ ತುಂಡಿನಿಂದ ಮಗುವಿನ ಸೊಂಟವನ್ನು ಕಿಟಕಿಯ ಸರಳಿಗೆ ಕಟ್ಟಿ ಹೋಗುತ್ತಿದ್ದಳು. ತನ್ನ ಮಕ್ಕಳನ್ನೂ ಹಾಗೆಯೇ ಬೆಳೆಸಿದ್ದರಿಂದ ಅದರಲ್ಲಿ ಆಕೆಗೆ ತಪ್ಪೇನೂ ಕಂಡಿರಲಿಲ್ಲ. ಜೂನ್ ಮೂರರಂದು ಮಗು, ಕೈಗೆಟುಕಿದ ಬಿಸಿ ಗಂಜಿಯ ಪಾತ್ರೆಯನ್ನು ಮೈಮೇಲೆ ಎಳೆದುಕೊಂಡಿತು. ಕಟ್ಟಿದ್ದರಿಂದ ದೂರ ಸರಿಯಲಾಗಲಿಲ್ಲ. ಅಜ್ಜಿ ಬರುವಷ್ಟರಲ್ಲಿ ಗಂಜಿ ತಣ್ಣಗಾಗಿತ್ತು; ಕೈಯ ಚರ್ಮ ಅದರೊಂದಿಗೇ ಎದ್ದು ಬಂತು.

ಆ ಸಂಜೆ ಜ್ಯೋತಿಲಕ್ಷ್ಮಿ ಅತ್ತೆಯ ಮೇಲೆ ದನಿ ಎತ್ತಿದಳು. ಗಂಡ ಜಗನ್ ಹೆಲ್ಮೆಟ್ಟಿನಿಂದ ಆಕೆಯ ಬಾಯಿಗೆ ಹೊಡೆದ.

"ಬೀಸಿ ಹೊಡೀಲಿಲ್ಲ ಸಾರ್, ಹಿಡ್ಕೊಂಡು ಗುದ್ದಿದ್ರು," ಎಂದು ನಾನು ಬರೆದುಕೊಳ್ಳುವಾಗ ತಿದ್ದಿದಳು. ವಿವರ ಸರಿಯಾಗಿರಬೇಕೆಂಬುದು ಅವಳ ಸ್ವಭಾವ.

ಲಾಂಡ್ರಿಯವರು ಜುಲೈ ಹದಿನೈದರವರೆಗೆ ಸಂಬಳವಿಲ್ಲದ ರಜೆ ಕೊಟ್ಟಿದ್ದರು. ಅಷ್ಟರಲ್ಲಿ ಮಗುವಿಗೊಂದು ವ್ಯವಸ್ಥೆಯಾಗದಿದ್ದರೆ ಆಕೆಯ ಜಾಗಕ್ಕೆ ಬೇರೊಬ್ಬರು. ಕೆಲಸ ಹೋದರೆ ಆ ಮನೆಯಲ್ಲಿ ಆಕೆಯ ಕೈಗೆ ಒಂದು ರೂಪಾಯಿಯೂ ಬರುವಂತಿರಲಿಲ್ಲ.

"ಯಜಮಾನರು ಏನು ಮಾಡ್ತಾರಮ್ಮ?"

"ನೀರಿನ ಟ್ಯಾಂಕರ್ ಓಡಿಸ್ತಾರೆ ಸಾರ್. ಅವ್ರ ದೊಡ್ಡಪ್ಪಂದೇ."

"ಸಂಬಳ?"

"ಸಂಬಳ ಅಂತ ಇಲ್ಲ. ಕೇಳ್ದಾಗ ಕೊಡ್ತಾರೆ. ಮನೆಮಗ ಅಲ್ವಾ."

ತಂದೆ ತಾಯಿ ಇಬ್ಬರೂ ಕೆಲಸದಲ್ಲಿದ್ದಾರೆಂದು ಕೆಲಸ ಕೊಟ್ಟವರ ಪತ್ರ ಬೇಕು, ಇಬ್ಬರ ಆದಾಯವೂ ಸೇರಿ ನಲವತ್ತು ಸಾವಿರ ಮೀರಬಾರದು ಎಂದು ವಿವರಿಸಿದೆ. ದೊಡ್ಡಪ್ಪ ಪತ್ರ ಬರೆದುಕೊಡುವುದು ಕಷ್ಟವೆಂದಳು ಆಕೆ. ಏಕೆಂದು ನನಗೆ ಆಮೇಲೆ ತಿಳಿಯಿತು. ಆ ಕಡೆಯ ಹಳೆಯ ಒಕ್ಕಲು ಮನೆತನಗಳಲ್ಲಿ ತಮ್ಮನ ಮಗನನ್ನು ಕೆಲಸದವನೆಂದು ಯಾರೂ ಕಾಗದದ ಮೇಲೆ ಬರೆಯುವುದಿಲ್ಲ. ಹಾಗೆ ಬರೆದರೆ ಅವನನ್ನು ಮನೆಯಿಂದ ಹೊರಗೆ ಹಾಕಿದಂತೆ. ಆದ್ದರಿಂದ ಅವನು ಹನ್ನೊಂದು ವರ್ಷ ದುಡಿದಿದ್ದರೂ ದುಡಿದದ್ದಕ್ಕೆ ಗುರುತಿರಲಿಲ್ಲ.

ಪತ್ರದ ಮಾತೆತ್ತಿದ ದಿನ ಜಗನ್ ಆಕೆಯನ್ನು ಬೆಲ್ಟಿನಿಂದ ಹೊಡೆದ. ಮರುದಿನ ಮಗುವನ್ನು ಎತ್ತಿಕೊಳ್ಳಲು ಹೋದಾಗ ಅದು ಕಿರುಚಿ ಮಂಚದ ಕೆಳಗೆ ನುಸುಳಿತು. ಅವನು ಬಗ್ಗಿ ಎಷ್ಟು ಕರೆದರೂ ಬರಲಿಲ್ಲ. ಜೂನ್ ಹದಿನಾರರಂದು ತಾನಾಗಿಯೇ, "ನಡಿ, ದೊಡ್ಡಪ್ಪನ್ನ ಕೇಳಾನ," ಎಂದು ಹೊರಟ.

ದೊಡ್ಡಪ್ಪ ಪಿಳ್ಳಣ್ಣನಿಗೆ ಎಪ್ಪತ್ತು ವರ್ಷ. ರಾಗಿ ಹೊಲಗಳನ್ನು ಬಡಾವಣೆ ಮಾಡಿ ಮಾರಿದವನು. ನಾಲ್ಕು ಟ್ಯಾಂಕರು, ಎರಡು ಕೊಳವೆಬಾವಿಗಳ ಒಡೆಯ.

"ಏನ್ಲಾ ಜಗ್ಗ, ನನ್ನ ತಮ್ಮನ ಮಗ ನನ್ನತ್ರ ಡ್ರೈವರ್ ಅಂತ ಬರ್ಕೊಡ್ಲಾ?" ಎಂದ ಅವನು. "ನಾಳೆ ನಾನು ಊರಾಗೆ ಎಂಗ್ಲಾ ತಲೆ ಎತ್ಕೊಂಡು ಓಡಾಡ್ಲಿ?"

"ಮಗು ಸ್ಕೂಲಿಗೆ ದುಡ್ಡು ಕೊಡ್ತಾರಂತೆ ದೊಡ್ಡಪ್ಪ."

"ಭಿಕ್ಷೆ ಬೇಡಾಕೆ ನನ್ನ ಸೀಲ್ ಬೇಕಾ?" ಎಂದವನೇ ಎಲ್ಲರೆದುರು ಜಗನ್‌ನ ಕೆನ್ನೆಗೆ ಬಾರಿಸಿದ. ಜಗನ್ ತಲೆ ತಗ್ಗಿಸಿ ನಿಂತ. ಮುದುಕನಿಗೆ ಏನನ್ನಿಸಿತೋ, ಸೊಸೆಯ ಕಂಕುಳಲ್ಲಿದ್ದ ಮಗುವಿನ ಕೈಯನ್ನು ನೋಡಿದ. ಲೆಕ್ಕ ಬರೆಯುವವನನ್ನು ಕರೆದು ಇಂಗ್ಲಿಷಿನಲ್ಲಿ ಪತ್ರ ಟೈಪು ಮಾಡಿಸಿದ. "ತಗೋ. ಇದನ್ನ ನೋಡಿದ್ರೆ ಎದ್ದು ನಿಂತು ಕೊಡ್ತಾರೆ."

ಹದಿನೆಂಟರಂದು ಗಂಡಹೆಂಡಿರಿಬ್ಬರೂ ಅದನ್ನು ತಂದರು. ನಾನು ಓದಿದೆ. ಶ್ರೀ ಜಗನ್ ನಮ್ಮ ಸಂಸ್ಥೆಯ ಪಾಲುದಾರರು, ಅವರ ಮಾಸಿಕ ಆದಾಯ ಒಂದೂವರೆ ಲಕ್ಷ ರೂಪಾಯಿ, ಎಂದಿತ್ತು. ದೊಡ್ಡವರ ಪತ್ರಕ್ಕೆ ಬೆಲೆ ಹೆಚ್ಚು, ದೊಡ್ಡ ಮೊತ್ತ ಕಂಡರೆ ಕೆಲಸ ಬೇಗ ಆಗುತ್ತದೆ ಎಂಬುದು ಪಿಳ್ಳಣ್ಣನ ತಿಳಿವಳಿಕೆ. ಅವನು ಕೆಡಿಸಬೇಕೆಂದು ಬರೆದಿರಲಿಲ್ಲ. ಅದನ್ನು ಕನ್ನಡದಲ್ಲಿ ಓದಿ ಹೇಳಿ, ಈ ಆದಾಯಕ್ಕೆ ನೆರವು ಸಿಗುವುದಿಲ್ಲವೆಂದೆ. ಅಷ್ಟು ವಿವರವಾಗಿ ಓದಿ ಹೇಳುವ ಅಗತ್ಯವಿತ್ತೇ ಎಂದು ಇಂದಿಗೂ ಯೋಚಿಸುತ್ತೇನೆ.

ಜ್ಯೋತಿಲಕ್ಷ್ಮಿ ಅರ್ಜಿಯ ಹಾಳೆಗಳನ್ನು ಒಟ್ಟುಮಾಡತೊಡಗಿದಳು. ಜಗನ್ ಮಾತ್ರ ಕುರ್ಚಿಯ ತುದಿಗೆ ಬಂದು ಕೂತ.

"ಪಾಲುದಾರ ಅಂತ ಸೀಲ್ ಹಾಕವ್ರಾ ಸಾರ್?"

"ಹೌದು."

"ಹಂಗಾದ್ರೆ ಅದನ್ನ ಕೊಡಿ ಇಲ್ಲಿ."

ಪತ್ರವನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡ. ಆಕೆ ಅವನ ತೋಳು ಹಿಡಿದು, "ಬ್ಯಾಡ ಕಣ್ರೀ, ಸುಮ್ನೆ ಬೇರೆ ಥರ ಬರ್ಸ್ಕೊಂಡು ಬರೋಣ," ಎಂದದ್ದು ನನಗೆ ಕೇಳಿಸಿತು.

ಜೂನ್ ಇಪ್ಪತ್ತು, ಶುಕ್ರವಾರ, ಬೆಳಿಗ್ಗೆ ಹತ್ತರ ಸುಮಾರಿಗೆ ಕೊಳವೆಬಾವಿಯ ಬಳಿ ಜಗನ್ ಆ ಪತ್ರದ ಆಧಾರದ ಮೇಲೆ ಪಿಳ್ಳಣ್ಣನನ್ನು ತನ್ನ ಪಾಲು ಕೇಳಿದ. ಬಾವಿ ಇರುವುದು ಅವರ ಮನೆಯ ಹಿಂದೆಯೇ. ಜ್ಯೋತಿಲಕ್ಷ್ಮಿ ಬಟ್ಟೆ ಒಣಹಾಕುತ್ತಿದ್ದಳು.

"ಮರ್ವಾದಿಗೆ ಬರ್ದಿದ್ದು ಕಣ್ಲಾ ಅದು," ಎಂದು ಪಿಳ್ಳಣ್ಣ ನಕ್ಕ. "ಪಾಲಂತೆ ಪಾಲು. ಓಗು, ಬಾಗಲೂರಿಗೆ ಲೋಡ್ ಓಗ್ಬೇಕು."

ಜಗನ್ ಕದಲಲಿಲ್ಲ. ಪಿಳ್ಳಣ್ಣನ ಇಬ್ಬರು ಮಕ್ಕಳು ಅವನನ್ನು ಕೆಸರಿಗೆ ಕೆಡವಿ, ಟ್ಯಾಂಕರಿನ ದಪ್ಪ ರಬ್ಬರ್ ಪೈಪಿನಿಂದ ಬೆನ್ನು, ಪಕ್ಕೆ, ಕುತ್ತಿಗೆ ಎಂದು ನೋಡದೆ ಬಡಿದರು. ಜೇಬಿನಿಂದ ಪತ್ರವನ್ನು ಕಿತ್ತು ಬಾಯಿಗೆ ತುರುಕಿದರು. ಕೆಮ್ಮುತ್ತಾ ಎದ್ದವನ ಕೈಗೆ ಚಕ್ರ ಬಿಚ್ಚುವ ಸ್ಪ್ಯಾನರ್ ಸಿಕ್ಕಿತು. ಮೊದಲ ಏಟಿಗೆ ಪಿಳ್ಳಣ್ಣನ ದವಡೆ ಮುರಿಯಿತು. ಎರಡನೆಯದು ಭುಜದ ಮೂಳೆಗೆ. ಬಿದ್ದವನ ಮೇಲೆ ಮೂರನೆಯ ಏಟು ಎತ್ತಿದಾಗ ಜ್ಯೋತಿಲಕ್ಷ್ಮಿ ಓಡಿಬಂದು ಅಡ್ಡ ನಿಂತಳು. ಅದು ಆಕೆಯ ಮುಂಗೈಗೆ ಬಿತ್ತು. ಮೂಳೆ ಮುರಿದ ಸದ್ದು ತನಗೇ ಕೇಳಿಸಿತೆಂದು ಆಮೇಲೆ ನನಗೆ ಹೇಳಿದಳು.

ಪೊಲೀಸರು ಜಗನ್‌ನನ್ನು ಕರೆದೊಯ್ದರು. ಮಧ್ಯಾಹ್ನ ಆಸ್ಪತ್ರೆಯಿಂದ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳನ್ನು ಮುನಿಗಂಗಮ್ಮ ಬಾಗಿಲಲ್ಲೇ ಚಪ್ಪಲಿಯಿಂದ ಹೊಡೆದಳು.

"ಮನೆಹಾಳಿ, ನಿನ್ ಕಾಗ್ದದಿಂದ ನನ್ ಮಗ ಜೈಲಿಗೋದ. ಮೊಗೀನ ಬಿಟ್ಟು ನೀ ಎಲ್ಲಾದ್ರೂ ಓಗು."

ಅಜ್ಜಿ ಮಗುವಿನ ಒಂದು ಕೈ ಹಿಡಿದೆಳೆದಳು, ತಾಯಿ ಸರಿಯಿದ್ದ ಒಂದೇ ಕೈಯಿಂದ ಇನ್ನೊಂದನ್ನು. ಬ್ಯಾಂಡೇಜು ಬಿಚ್ಚಿ ಎಳೆಚರ್ಮ ಹರಿದು ರಕ್ತ ಬಂದಾಗಲೂ ಇಬ್ಬರೂ ಬಿಡಲಿಲ್ಲ. ಬಾಡಿಗೆಗಿದ್ದ ಶಿವಲಿಂಗವ್ವ, ಕಟ್ಟಡ ಕೆಲಸದ ಗಟ್ಟಿ ಹೆಂಗಸು, ಮುದುಕಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ಕೂಸು ಸಾಯ್ತೈತಿ, ಬಿಡಬೇ," ಎಂದು ತಾಯಿ ಮಗುವನ್ನು ತನ್ನ ಕೋಣೆಗೆ ಕರೆದುಕೊಂಡು ಹೋದಳು.

ವಾರದೊಳಗೆ ರಾಜಿಯ ಮಾತು ಶುರುವಾಯಿತು. ಪಾಲಿನ ವಿಚಾರ ಕೋರ್ಟಿಗೆ ಬರುವುದು ಪಿಳ್ಳಣ್ಣನ ಮಕ್ಕಳಿಗೆ ಬೇಡವಾಗಿತ್ತು. ಮಗ ಮನೆಗೆ ಬರುವುದು ಮುನಿಗಂಗಮ್ಮನಿಗೆ ಬೇಕಿತ್ತು. ಮುದುಕ ಟ್ಯಾಂಕರಿನ ಮೇಲಿಂದ ಬಿದ್ದ, ಸೊಸೆ ಜಾರಿ ಬಿದ್ದಳು ಎಂದು ಎಲ್ಲರೂ ಒಂದೇ ಮಾತು ಹೇಳಬೇಕು. ಒಪ್ಪಿದರೆ ಮನೆಯೊಳಗೆ ಸೇರಿಸುತ್ತೇವೆ, ಮಗುವನ್ನು ಅಜ್ಜಿ ಮೊದಲಿನಂತೆ ನೋಡಿಕೊಳ್ಳುತ್ತಾಳೆ ಎಂದರು.

ಜುಲೈ ಒಂದರಂದು ಆಕೆ ನನ್ನೆದುರು ಕೂತು ಒಂದೇ ಪ್ರಶ್ನೆ ಕೇಳಿದಳು. "ಅವ್ರು ಒಳಗಿದ್ರೆ ಪತ್ರ ಬೇಕಾ ಸಾರ್?"

ತಂದೆ ಬಂಧನದಲ್ಲಿದ್ದರೆ ಅಥವಾ ದಂಪತಿ ಬೇರೆ ಇದ್ದರೆ ತಾಯಿಯ ಆದಾಯವೊಂದನ್ನೇ ಪರಿಗಣಿಸುತ್ತೇವೆ, ಎಫ್‌ಐಆರ್ ಪ್ರತಿ ಸಾಕು, ಎಂದೆ. ಅವನಿಗೆ ಜಾಮೀನು ಸಿಗಬಹುದು, ಆಮೇಲೆ ಬೇರೆ ಇರುವುದನ್ನು ನೀವೇ ಬರೆದು ಸಹಿ ಮಾಡಬೇಕಾಗುತ್ತದೆ ಎಂಬುದನ್ನೂ ಹೇಳಿದೆ.

"ಬಂದ್ರೆ ಕೊಲ್ತಾರೆ ಅಂತ ಅವ್ರಮ್ಮನೇ ಹೇಳವ್ರೆ," ಎಂದಳು, ಬಸ್ಸಿನ ಸಮಯ ಹೇಳುವಷ್ಟು ಸಾಧಾರಣ ದನಿಯಲ್ಲಿ.

ಮರುದಿನ ಠಾಣೆಯಲ್ಲಿ ಆಕೆ ಕಂಡದ್ದನ್ನು ಕಂಡಂತೆ ಹೇಳಿದಳು. ಮೊದಲು ಪೈಪಿನಿಂದ ಹೊಡೆದವರು ಯಾರು, ಸ್ಪ್ಯಾನರ್ ಎತ್ತಿದವನು ಯಾರು, ಏಟುಗಳೆಷ್ಟು. ಅದರಿಂದ ಎರಡೂ ಕಡೆಯವರು ಆಕೆಯ ಶತ್ರುಗಳಾದರು. ಕೊನೆಗೆ ಹೆಲ್ಮೆಟ್ಟು, ಬೆಲ್ಟುಗಳ ಬಗ್ಗೆ ತನ್ನದೇ ದೂರೊಂದನ್ನು ಬರೆದುಕೊಟ್ಟಳು. ಎಡಗೈಯ ಸಹಿ, ಬಲಗೈ ಪ್ಲಾಸ್ಟರಿನಲ್ಲಿತ್ತು.

ಜುಲೈ ಎಂಟರಂದು ನೆರವು ಮಂಜೂರಾಯಿತು. ಸದ್ಯಕ್ಕೆ ಆರು ತಿಂಗಳು. ಲಾಂಡ್ರಿಯವರು ಒಂದೇ ಕೈಯಲ್ಲಿ ಮಾಡಬಹುದಾದ ಕೆಲಸವೆಂದು ಆಕೆಯನ್ನು ಬಟ್ಟೆ ಎಣಿಸುವಲ್ಲಿಗೆ ಹಾಕಿದರು.

ಹದಿನೇಳರಂದು ಶಿಶುಪಾಲನಾ ಕೇಂದ್ರಕ್ಕೆ ತಪಾಸಣೆಗೆಂದು ಹೋಗಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಮೋನಿಷಾ ಇನ್ನೊಂದು ಮಗುವಿನ ಕಿವಿಯನ್ನು ರಕ್ತ ಬರುವಂತೆ ಕಚ್ಚಿದ್ದಳು. ಸುದ್ದಿ ಮುಟ್ಟಿ ಜ್ಯೋತಿಲಕ್ಷ್ಮಿ ಕೆಲಸ ಬಿಟ್ಟು ಓಡಿಬಂದಿದ್ದಳು. ಬಾಗಿಲಲ್ಲಿ ನಿಂತೇ, "ಕಳ್ಸಿಬಿಡ್ತೀರಾ ಮೇಡಂ? ಹೊಡ್ದು ಬುದ್ಧಿ ಹೇಳ್ತೀನಿ," ಎಂದು ಸರಿಯಿದ್ದ ಕೈ ಎತ್ತಿದಳು.

ಕೇಂದ್ರದ ಗಂಗರತ್ನಮ್ಮ ಆ ಕೈಯನ್ನು ಗಾಳಿಯಲ್ಲೇ ಹಿಡಿದರು. "ಹೊಡೆಯೋದೆಲ್ಲ ಗೇಟಿನ ಆಚೆಗೂ ಬೇಡ, ಒಳಗೂ ಬೇಡ. ಈ ವಯಸ್ಸಲ್ಲಿ ಕಚ್ಚೋದೇ. ಕಚ್ಚಿಸಿಕೊಂಡೋನು ಹೋದ ವಾರ ಇನ್ನೊಬ್ಬನ್ನ ಕಚ್ಚಿದ್ದ. ನೀನು ಕೆಲಸಕ್ಕೆ ಹೋಗಮ್ಮ."

"ನಾಳೆನೂ ಕರ್ಕೊಂಡು ಬರ್ಬಹುದಾ?"

"ಏಳು ಗಂಟೆಗೆ ತೆಗೀತೀನಿ. ಲೇಟ್ ಮಾಡ್ಬೇಡ."

ಆಕೆ ಇನ್ನೂ ನಿಂತಿದ್ದಳು. ಒಳಗೆ ಮೋನಿಷಾ ತಟ್ಟೆಯ ಮುಂದೆ ಕೂತು ಎಡಗೈಯಿಂದ ಉಪ್ಪಿಟ್ಟು ತಿನ್ನುತ್ತಿದ್ದಳು; ತಾಯಿಯನ್ನು ಒಮ್ಮೆ ನೋಡಿ ಮತ್ತೆ ತಟ್ಟೆಗೆ ಬಗ್ಗಿದಳು. ಹತ್ತು ಗಂಟೆಗೆ ಐದು ನಿಮಿಷವಿರುವಾಗ ಜ್ಯೋತಿಲಕ್ಷ್ಮಿ ಗೇಟು ಹಾಕಿಕೊಂಡು ಲಾಂಡ್ರಿಯ ಕಡೆಗೆ ಬೇಗಬೇಗನೆ ನಡೆದಳು.