ಮಾವನ ಕೆರೆಯ ಪಾಚಿ

ಹಾಸನದ ನಮ್ಮ ಮನೆಯ ತಾರಸಿಯ ಮೇಲೆ ಗುಬ್ಬಿಗಳಿಗೆಂದು ಎರಡು ಮಣ್ಣಿನ ಬೋಗುಣಿಗಳಲ್ಲಿ ನೀರಿಟ್ಟಿದ್ದೇನೆ. ಗುಬ್ಬಿ ಬಂದದ್ದು ನಾನಂತೂ ನೋಡಿಲ್ಲ. ಪಾರಿವಾಳಗಳು ಬಂದು, ಕುಡಿದು, ಗೋಡೆಯ ಮೇಲೆ ರುಜು ಹಾಕಿ ಹೋಗುತ್ತವೆ. ಮೊನ್ನೆ ನೋಡಿದರೆ ಒಂದು ಬೋಗುಣಿಯ ನೀರು ತಿಳಿಯಾಗಿಯೇ ಇತ್ತು. ಇನ್ನೊಂದು ಹೆಸರುಕಾಳಿನ ಬಣ್ಣಕ್ಕೆ ತಿರುಗಿ, ಅಂಚಿಗೆ ಲೋಳೆ ಕಟ್ಟಿತ್ತು. ಎರಡಕ್ಕೂ ಒಂದೇ ನಲ್ಲಿಯ ನೀರು, ಒಂದೇ ಬಿಸಿಲು. ಅನ್ನ ಹಾಕುವ ತಟ್ಟೆ ಮಾತ್ರ ಎರಡನೆಯದರ ಪಕ್ಕದಲ್ಲಿತ್ತು. ಪಾರಿವಾಳಗಳು ಕಿತ್ತಾಡುವಾಗ ಅಗುಳೂ ಹಿಕ್ಕೆಯೂ ಅದರೊಳಗೇ ಬೀಳುತ್ತಿದ್ದವು. ಬಗ್ಗಿ ಅದನ್ನು ಚೆಲ್ಲುವಾಗ ಒಂದು ವಾಸನೆ ಬಂತು. ಹಸಿ ಹುಲ್ಲು ಕೊಳೆತಂತೆ, ಸ್ವಲ್ಪ ಮೀನಿನಂತೆ. ಆ ವಾಸನೆ ಗೊತ್ತಿಲ್ಲದಿದ್ದರೆ ನೀವು ಅದೃಷ್ಟವಂತರು. ನನಗೆ ಅದು ನಮ್ಮ ಸೋದರಮಾವನ ವಾಸನೆ. ಹೀಗೆಂದರೆ ಮಾವನಿಗೇನೂ ಬೇಜಾರಾಗುವುದಿಲ್ಲ. ಅತ್ತೆ ಇದಕ್ಕಿಂತ ಖಾರವಾಗಿ ಅಂದದ್ದನ್ನೂ ಅವರು ಕೇಳಿಸಿಕೊಂಡಿದ್ದಾರೆ.

ಮಾವನ ಊರು ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಸ್ವಲ್ಪ ಒಳಗೆ. ಹಿತ್ತಿಲ ಬಾಗಿಲು ತೆಗೆದರೆ ಕೆರೆ. ಮಾವನಿಗೆ ತೆಂಗು, ರಾಗಿ ಎಲ್ಲ ಇತ್ತು. ಆದರೆ ಇದ್ದದ್ದರಲ್ಲಿ ಸುಮ್ಮನಿರುವ ಜಾಯಮಾನ ಅವರದಲ್ಲ. ಅಣಬೆ ಬೆಳೆಯಲು ಹೋಗಿ ಕೈಬಿಟ್ಟರು. ಮೊಲ ಸಾಕಿದರು. ಒಂದೊಂದಕ್ಕೂ ಹೆಸರಿಟ್ಟರು, ಹೆಸರಿಟ್ಟ ಮೇಲೆ ಮಾರಲು ಮನಸ್ಸು ಬರಲಿಲ್ಲ. ಆಮೇಲೆ ಕೆರೆಯ ಮೀನಿನ ಗುತ್ತಿಗೆ ಹಿಡಿದರು. ಮೀನಿಗೆ ಹೆಸರಿಡುವುದು ಕಷ್ಟವಾದ್ದರಿಂದ ಈ ಸಲ ಮಾವ ಗೆಲ್ಲುತ್ತಾರೆ ಎಂದು ನಾವೆಲ್ಲ ಮಾತಾಡಿಕೊಂಡೆವು.

ಕಾಟ್ಲಾ, ರೋಹು ಮರಿ ಬಿಟ್ಟ ಕೆಲವೇ ದಿನಕ್ಕೆ ಒಂದು ಟ್ರ್ಯಾಕ್ಟರ್ ತುಂಬ ಕೋಳಿಗೊಬ್ಬರ ಬಂದು ಕೆರೆ ಏರಿಯ ಮೇಲೆ ನಿಂತಿತು. ಅತ್ತೆ ಎರಡು ಎಮ್ಮೆ ಸಾಕಿದ್ದರು, ಅವಕ್ಕೆ ಆ ಕೆರೆಯದೇ ನೀರು. ಅವರು ಸೆರಗು ಮೂಗಿಗೆ ಒತ್ತಿಕೊಂಡು ಬಂದು ನಿಂತರು.

“ಕ್ವಾಳಿ ಇಕ್ಕೆನೆಲ್ಲ ತಂದು ಕೆರೆಗೆ ಸುರೀತೀರಲ್ಲ, ತಲೆಗಿಲೆ ಕೆಟ್ಟದಾ ನಿಮ್ಗೆ?”

“ಗೊಬ್ರ ಬಿದ್ರೆ ನೀರು ಅಸ್ರಾಯ್ತದೆ ಕಣೆ,” ಎಂದರು ಮಾವ, ಮೇಷ್ಟರ ಗತ್ತಿನಲ್ಲಿ. “ಅಸ್ರಾದ್ರೆ ಸಣ್ಣಸಣ್ಣ ಉಳ ಆಯ್ತವೆ. ಅವುನ್ನ ತಿಂದು ಮೀನು ಬೆಳೀತದೆ. ಒಲದಾಗೆ ಪೈರು ಬೆಳೆಯಲ್ವಾ, ಅಂಗೇ ಇದೂವೆ.”

“ಪೈರು ಜಾಸ್ತಿಯಾದ್ರೆ ಕುಯ್ಬೋದು. ಇದುನ್ನ ಯಾವ ಕುಡ್ಲಾಗೆ ಕುಯ್ತೀರಾ?”

ಮೊದಲ ವರ್ಷ ಆ ಪ್ರಶ್ನೆಗೆ ಉತ್ತರ ಬೇಕಾಗಲಿಲ್ಲ. ಮೀನು ಚೆನ್ನಾಗಿ ಬಂತು. ನಾನೂ ಒಂದು ದೊಡ್ಡ ಕಾಟ್ಲಾವನ್ನು ಪೇಪರಿನಲ್ಲಿ ಸುತ್ತಿ ಹಾಸನದ ಬಸ್ಸು ಹತ್ತಿದೆ. ಪಕ್ಕದ ಸೀಟಿನವರು ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಸಾರು ಮಾತ್ರ ಬಹಳ ರುಚಿಯಾಗಿತ್ತು.

ಎರಡನೆಯ ವರ್ಷ ಬೇಸಗೆಯಲ್ಲಿ ನೀರಿನ ಮೇಲೆ ಬಣ್ಣ ಚೆಲ್ಲಿದ ಹಾಗೆ ಹಸಿರು ಕೆನೆ ಕಟ್ಟಿತು. ಅತ್ತೆಯ ಎಮ್ಮೆಗಳಲ್ಲಿ ದೊಡ್ಡದು ನೀರಿಗೆ ಮೂತಿಯಿಟ್ಟು, ಏನೋ ಯೋಚಿಸಿ, ತಲೆಯೆತ್ತಿ ವಾಪಸು ಬಂತು. ಅಂದಿನಿಂದ ಅತ್ತೆ ಕೊಳಾಯಿಯ ನೀರು ಹೊತ್ತು ಎಮ್ಮೆಗಳಿಗೆ ಕುಡಿಸಿದರು, ಮಾವನ ಜೊತೆ ಮಾತು ಬಿಟ್ಟರು. ಪೂರ್ತಿ ಬಿಟ್ಟರೆಂದಲ್ಲ. ಎಮ್ಮೆಯ ಮೂಲಕ ಮಾತಾಡುತ್ತಿದ್ದರು. “ಮುದ್ದೆ ಆರೋಯ್ತದೆ, ಉಣ್ಣಾಕೆ ಬರ್‌ಬೇಕಂತೆ ಅಂತ ಯೋಳೇ ನಿಮ್ಮ ಯಜಮಾನಂಗೆ,” ಎಂದು ಕೊಟ್ಟಿಗೆಯಿಂದ ಕೂಗಿದರೆ ಮಾವ ಏರಿಯಿಂದ ಇಳಿದು ಬರುತ್ತಿದ್ದರು.

ಆ ವರ್ಷ ಗೌರಿಹಬ್ಬಕ್ಕೆ ನಾನು ಅಲ್ಲಿಗೆ ಹೋಗಿದ್ದೆ. ವಾರದಿಂದ ಮೋಡ; ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಬೆಳಗಾಗುತ್ತಲೇ ಮಾವ ಕೂಗಿದ್ದು ಕೇಳಿ ಓಡಿದೆ. ಕೆರೆಯ ತುಂಬ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು, ಮುಚ್ಚಿ, ತೆರೆದು ಮಾಡುತ್ತಿದ್ದವು. ಪಾಚಿ ಅತಿಯಾದರೆ ಹೀಗೆಯೇ ಎಂದು ಆಮೇಲೆ ಮೀನುಗಾರಿಕೆ ಇಲಾಖೆಯವರೊಬ್ಬರು ವಿವರಿಸಿದರು. ಬಿಸಿಲಿಲ್ಲದೆ ಅದು ಸತ್ತು ಕೊಳೆಯುತ್ತದೆ, ಕೊಳೆಯುವಾಗ ನೀರಿನಲ್ಲಿರುವ ಉಸಿರನ್ನೆಲ್ಲ ತಾನೇ ತಿಂದುಬಿಡುತ್ತದೆಯಂತೆ. ಆಗ ನಮಗೆ ಅದೆಲ್ಲ ಗೊತ್ತಿರಲಿಲ್ಲ. ಮೀನಿಗೆ ಗಾಳಿ ಬೇಕು ಎಂಬುದಷ್ಟು ಮಾವನಿಗೆ ಹೊಳೆಯಿತು. ಸೊಂಟದುದ್ದ ನೀರಿಗಿಳಿದು ಒಂದು ಹಲಗೆಯಿಂದ ನೀರನ್ನು ಬಡಿಯತೊಡಗಿದರು. ಸ್ವಲ್ಪ ಹೊತ್ತಿಗೆ ಅತ್ತೆಯೂ ಬಂದರು. ಹಬ್ಬದ ಸೀರೆಯನ್ನು ಎತ್ತಿ ಸಿಕ್ಕಿಸಿ, ಒಂದು ಹೊಂಗೆ ಕೊಂಬೆ ಮುರಿದುಕೊಂಡು ನೀರಿಗಿಳಿದು ಅವರೂ ಬಡಿದರು. ಇಬ್ಬರೂ ಕೈ ಸೋಲುವ ತನಕ ಬಡಿದರು. ನಾನು ದಡದಲ್ಲಿ ನಿಂತು ಇಬ್ಬರ ಚಪ್ಪಲಿ ಕಾಯುತ್ತಿದ್ದೆ. ಆ ದಿನ ನನ್ನಿಂದ ಆದದ್ದು ಅಷ್ಟೇ. ಹೊತ್ತೇರುವಷ್ಟರಲ್ಲಿ ಕೆರೆ ಬೆಳ್ಳಗಾಗಿತ್ತು. ಸತ್ತ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತದೆ, ಹೊಟ್ಟೆ ಬಿಳಿ.

ಊರು ಏರಿಯ ಮೇಲೆ ಸೇರಿತು. “ಕೆರೆ ಕೆಡ್ಸಿದ್ದು ನೀನೇ ಕಣಯ್ಯ,” ಎಂದರು ಹಿರಿಯರೊಬ್ಬರು. ಮಾವ ವಾದ ಮಾಡುವ ಆಸಾಮಿ. ನಾನು ಕಾದೆ. ಅವರು ಒದ್ದೆ ಬಟ್ಟೆಯಲ್ಲೇ ನಿಂತು, “ಊ ಕಣಣ್ಣ, ನಂದೇ ತಪ್ಪು,” ಎಂದರು. ಗುತ್ತಿಗೆ ಬಿಟ್ಟರು. ಸತ್ತ ಮೀನನ್ನೆಲ್ಲ ತಾವೇ ಎತ್ತಿ ಗುಂಡಿ ತೋಡಿ ಹೂತರು. ಅಷ್ಟೆಲ್ಲ ಆದರೂ ಅವರ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಇದ್ದದ್ದು ನನಗೆ ವಿಚಿತ್ರವೆನಿಸಿತು.

“ಯಾರು ಕೆಡ್ಸಿದ್ದು ಅಂತ ಗೊತ್ತಾಯ್ತಲ್ಲ, ಬುಡು,” ಎಂದರು ನನ್ನನ್ನು ಬಸ್ಸಿಗೆ ಬಿಡಲು ಬಂದಾಗ. “ಅವ್ನು ನಿಲ್ಸುದ್ರೆ ಸರಿಯಾಯ್ತದೆ. ಒಂದು ಮಳೆಗಾಲ ಕಳೀಲಿ.”

ಮಳೆಗಾಲ ಕಳೆಯಿತು. ಹೇಮಾವತಿ ನಾಲೆಯ ನೀರೂ ಬಂದು ಕೆರೆ ತುಂಬಿತು. ಮಾವ ಫೋನು ಮಾಡಿದಾಗಲೆಲ್ಲ ಯೋಗಕ್ಷೇಮಕ್ಕಿಂತ ಮೊದಲು ನೀರಿನ ಬಣ್ಣ ಹೇಳುತ್ತಿದ್ದರು. ಸ್ವಲ್ಪ ತಿಳಿಯಾಗಿದೆ. ಪರವಾಗಿಲ್ಲ. ಇವತ್ತು ಕೈಯದ್ದಿದರೆ ಬೆರಳು ಕಂಡಿತು. ಬೇಸಗೆ ಬಂದದ್ದೇ ಕೆನೆ ಮತ್ತೆ ಕಟ್ಟಿತು, ಮೊದಲಿಗಿಂತ ದಪ್ಪ. ಮರುವರ್ಷ ಅದರ ಜೊತೆಗೆ ಅಂತರಗಂಗೆ ಕಳೆಯೂ ಹಬ್ಬಿತು. ಆಗ ಮಾವನ ಫೋನು ಕಡಿಮೆಯಾಯಿತು.

ಆ ದಿನಗಳಲ್ಲೇ ಅವರು ಕೆರೆಗೆ ನೀರು ತರುವ ಹಳ್ಳದ ಗುಂಟ ಮೇಲಕ್ಕೆ ನಡೆಯಲು ಶುರುಮಾಡಿದ್ದು. ಒಂದು ಸಲ ನಾನೂ ಜೊತೆಗೆ ಹೋದೆ. ಮೊದಲು ಆಲೂಗಡ್ಡೆ ಹೊಲಗಳು. ಹಿಂದಿನ ದಿನದ ಮಳೆಗೆ ಹೊಲದ ಮಣ್ಣು, ಮಣ್ಣಿನ ಜೊತೆಗೆ ಹಾಕಿದ ಗೊಬ್ಬರ, ಕೆಂಪಗೆ ಹಳ್ಳಕ್ಕೆ ಇಳಿಯುತ್ತಿತ್ತು. ಇನ್ನೂ ಮೇಲೆ ಹೋದರೆ ಹೊಸ ಬಡಾವಣೆಗಳ ಮೋರಿ: ಬಟ್ಟೆ ಸೋಪಿನ ನೊರೆ, ಪಾಯಿಖಾನೆಯ ನೀರು, ಛತ್ರದಲ್ಲಿ ಎಲೆ ಎತ್ತಿ ತೊಳೆದದ್ದು. ಮಾವ ಯಾರನ್ನೂ ಬೈಯಲಿಲ್ಲ, ಸುಮ್ಮನೆ ನೋಡುತ್ತ ನಡೆದರು. ವಾಪಸು ಬಂದು ಹಿತ್ತಿಲ ಬಾಗಿಲಲ್ಲಿ ನಿಂತವರು ಬೆರಳು ತೋರಿಸಿದರು. ಅತ್ತೆಯ ಸಗಣಿ ತಿಪ್ಪೆ ಕೆರೆಯ ದಂಡೆಗೆ ಆತುಕೊಂಡಂತೆಯೇ ಇತ್ತು. ಅದರ ಬುಡದಿಂದ ಕಪ್ಪು ನೀರಿನ ಒಂದು ಎಳೆ ನೇರ ಕೆರೆಗೆ ಹೋಗುತ್ತಿತ್ತು.

ಅತ್ತೆ ಕೊಟ್ಟಿಗೆಯಿಂದ ಬಂದು ಅದನ್ನು ನೋಡಿದರು. ಆಮೇಲೆ ಎಮ್ಮೆಯ ಕಡೆಗೆ ತಿರುಗದೆ, ಮಾವನನ್ನೇ ನೋಡಿ ಕೇಳಿದರು: “ನಂದೂ ಸೇರ್ಯದಾ?”

“ಊ ಕಣೆ, ಸೇರ್ಯದೆ.”

ಮರುದಿನದಿಂದ ಅತ್ತೆ ತಿಪ್ಪೆಯನ್ನು ಮಂಕರಿ ಮಂಕರಿಯಾಗಿ ಹೊತ್ತು ಮನೆಯ ಆಚೆ ಬದಿಗೆ ಸಾಗಿಸಿದರು. ಮಾವ ಗುದ್ದಲಿ ಹಿಡಿದು ತುಂಬಿಕೊಟ್ಟರು. ಅವರ ಮನೆಯಲ್ಲಿ ಮಾತುಕತೆ ಮತ್ತೆ ಶುರುವಾದದ್ದು ಹಾಗೆ. ಕೆರೆಗೆ ಅದರಿಂದ ಕಣ್ಣಿಗೆ ಕಾಣುವಂಥ ಬದಲಾವಣೆ ಆಗಲಿಲ್ಲ.

ಹಳ್ಳ ನೋಡಿ ಬಂದ ಸಂಜೆಯೇ ಏರಿಯ ಮೇಲೆ ಕೂತಿದ್ದಾಗ ನಾನು ಸಮಾಧಾನಕ್ಕೆಂದು, “ನೋಡಿ ಮಾವ, ನಿಮ್ಮೊಬ್ಬರದೇ ತಪ್ಪಲ್ಲ ಅಂತ ಆಯ್ತಲ್ಲ,” ಎಂದೆ. ಒಳ್ಳೆಯ ಮಾತು ಹೇಳಿದೆನೆಂದು ನನಗೆ ಹೆಮ್ಮೆಯೂ ಆಗಿತ್ತು. ಮಾವ ನೀರಿನಿಂದ ಕಣ್ಣು ತೆಗೆಯಲಿಲ್ಲ.

“ನನ್ನೊಬ್ಬಂದೇ ಆಗಿದ್ರೆ ಚೆನ್ನಾಗಿತ್ತು ಕಣವ್ವ,” ಎಂದರು. “ನಾನು ನಿಲ್ಸಿದ್ದಿನವೇ ಕೆರೆ ಉಳ್ಕತಿತ್ತು.”

ನನ್ನ ಹೆಮ್ಮೆ ಅಲ್ಲಿಗೇ ಇಳಿಯಿತು. ಬ್ಯಾಂಕಿನಲ್ಲಿ ಕೂತು ದಿನವಿಡೀ ಜನರಿಗೆ ಸಮಾಧಾನ ಹೇಳುವವಳು ನಾನು.

ಇದೆಲ್ಲ ಆಗಿ ಕೆಲವು ವರ್ಷವಾಯಿತು. ಮಾವನಿಗೆ ಈಗ ವಯಸ್ಸಾಗಿದೆ. ಊರಿನ ಕೆಲವರು ಇವತ್ತಿಗೂ ಅದನ್ನು ಅವರು ಕೆಡಿಸಿದ ಕೆರೆ ಎಂದೇ ಹೇಳುತ್ತಾರೆ, ಅವರು ಅಲ್ಲವೆನ್ನುವುದಿಲ್ಲ. ಮೊನ್ನೆ ತಾರಸಿಯಿಂದ ಇಳಿದವಳೇ ಫೋನು ಮಾಡಿದೆ. ಕೆರೆ ಹೇಗಿದೆ ಎಂದು ಕೇಳಿದೆ. ಇದ್ದಂಗೇ ಐತೆ ಎಂದರು. ಆಮೇಲೆ ಅವರೇ ಕೇಳಿದರು.

“ನಿಮ್ಮನೆ ಬಚ್ಚಲ ನೀರು ಎಲ್ಗೆ ಓಯ್ತದವ್ವ?”

“ಮೋರಿಗೆ, ಮಾವ.”

“ಮೋರಿ ಎಲ್ಗೆ ಓಯ್ತದೆ?”

ಈ ಮನೆ ಕಟ್ಟಿಸಿ ಮಕ್ಕಳನ್ನು ಬೆಳೆಸಿದ್ದೇನೆ. ಯಾವ ಅಂಗಡಿಯಲ್ಲಿ ಬೇಳೆ ಚೆನ್ನಾಗಿದೆ, ಯಾವ ಡಾಕ್ಟರು ಕಾಯಿಸುವುದಿಲ್ಲ ಎಲ್ಲ ಗೊತ್ತು. ಇದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. “ತಿಳ್ಕಂಡು ಯೋಳು,” ಎಂದು ಫೋನಿಟ್ಟರು.

ಭಾನುವಾರ ಬೆಳಿಗ್ಗೆ ಛತ್ರಿ ಹಿಡಿದು ಹೊರಟೆ. ನಮ್ಮ ಯಜಮಾನರು ಗೇಟಿನಲ್ಲಿ ನಿಂತು, “ಮೋರಿ ನೋಡೋಕೆ ಹೊರಟಿದೀಯಾ?” ಎಂದು ನಕ್ಕರು. ನಮ್ಮ ಬೀದಿಯ ಮೋರಿ ತಿರುವಿನಲ್ಲಿ ಇನ್ನೊಂದಕ್ಕೆ ಸೇರುತ್ತದೆ, ಅದು ಮುಖ್ಯರಸ್ತೆಯ ಅಡಿಯಲ್ಲಿ ನುಗ್ಗಿ ಆಚೆ ಏಳುತ್ತದೆ. ಅಲ್ಲಿಂದ ಒಂದು ಕಾಂಪೌಂಡಿನ ಗುಂಟ ಕೆಳಕ್ಕೆ ಇಳಿದಿದೆ. ಕಾಂಪೌಂಡು ಮುಗಿಯುವ ಕಡೆ ಮುಳ್ಳುಗಿಡ; ಮುಂದೆ ಹೋಗಲಾಗಲಿಲ್ಲ. ಪೊದೆಯ ಆಚೆ ನೀರು ಹರಿಯುವ ಸದ್ದು ಕೇಳುತ್ತಿತ್ತು. ಯಾರೋ ಹೆಂಗಸು ಎಮ್ಮೆ ಹೊಡೆದುಕೊಂಡು ಆ ಕಡೆಗೇ ಇಳಿದು ಹೋಗುತ್ತಿದ್ದಳು.

ಮುಂದಿನ ಭಾನುವಾರ ಕುಡುಗೋಲು ತೆಗೆದುಕೊಂಡು ಹೋಗಬೇಕು. ಯಜಮಾನರೂ ಬರುತ್ತೇನೆಂದಿದ್ದಾರೆ.